ಹಿಂದಿನ ಕೋಣೆಯ ಹತ್ತು ಸಾವಿರ ಆನೆಗಳು

ಫುಕೌ, ನವೆಂಬರ್ ೧೧, ೨೦೦೭

ಮಗಳೇ ಯುನ್,

ನೀನು ಕಳಿಸಿದ ಉಣ್ಣೆಯ ಅಂಗಿ ತಲುಪಿತು. ತೋಳು ಉದ್ದ, ಮಡಚಿ ಹಾಕಿಕೊಂಡಿದ್ದೇನೆ. ಇದನ್ನು ಹೇಳುವುದಕ್ಕೆ ಫೋನು ಸಾಕಾಗಿತ್ತು. ಆದರೆ ನಿಮ್ಮಮ್ಮ ಹೋದ ಮೇಲೆ ಫೋನಿನಲ್ಲಿ ನಾವಿಬ್ಬರೂ ಮಾತಾಡುವುದಕ್ಕಿಂತ ತಂತಿ ಜುಂಯ್ ಎನ್ನುವುದೇ ಹೆಚ್ಚು. ಅದಕ್ಕೇ ಕಾಗದ ಹಿಡಿದು ಕೂತೆ.

ವಿಷಯ ಇದು. ಜೂನ್‌ನಲ್ಲಿ ಮಣ್ಣು ಮಾಡಿದೆವು, ಈಗ ಮಣ್ಣು ಕುಳಿತು ಗಟ್ಟಿಯಾಗಿದೆ. ಬರುವ ಛಿಂಗ್‌ಮಿಂಗ್ ಹಬ್ಬದಲ್ಲಿ ಹಿರಿಯರ ಗೋರಿ ಗುಡಿಸಲು ಊರೆಲ್ಲ ಗುಡ್ಡ ಹತ್ತುವ ಹೊತ್ತಿಗೆ ಅವಳ ತಲೆಯ ಹತ್ತಿರ ಕಲ್ಲು ನಿಂತಿರಬೇಕು. ಪಕ್ಕದ ಯೀ ತಾಲೂಕಿನ ಕಲ್ಲುಕುಟಿಗ ಯು ಮೇಸ್ತ್ರಿಗೆ ಹೇಳಿದ್ದೇನೆ. ಅಲ್ಲಿಯ ಕಪ್ಪು ಕಲ್ಲು ನಿನಗೆ ಗೊತ್ತಲ್ಲ, ನೀರು ಚಿಮುಕಿಸಿದರೆ ಮುಖ ಕಾಣುತ್ತದೆ. ನಡುವೆ ಅವಳ ಹೆಸರು, ವು ಲಾನ್‌ಚಿ. ಎಡಗಡೆ ಕೆಳಗೆ ಕಲ್ಲು ನಿಲ್ಲಿಸಿದವರ ಹೆಸರು, ಅಂದರೆ ನಾನು ಮತ್ತು ನೀನು. ಮೇಲೆ ಅಡ್ಡಡ್ಡ ನಾಲ್ಕು ಅಕ್ಷರ ಹಾಕುವುದು ನಮ್ಮ ಕಡೆಯ ರೂಢಿ. ಎಲ್ಲರೂ ಹಾಕಿಸುವ ‘ಸದ್ಗುಣ ಚಿರಕಾಲ’ ಬೇಕಾ ಎಂದು ಮೇಸ್ತ್ರಿ ಕೇಳಿದ. ಬೇಡ, ‘ಬಾವ್ ಲ್ವೊ ವಾನ್ ಶ್ಯಾಂಗ್’ ಕೆತ್ತು ಎಂದೆ.

ಅವನು ಸಿಗರೇಟು ಬಾಯಿಂದ ತೆಗೆದು, “ಮೇಷ್ಟ್ರೇ, ಅದು ವಸ್ತುಪ್ರದರ್ಶನದ ಬಾಗಿಲಿಗೆ ಹಾಕೋದಲ್ವ?” ಎಂದ. ನಾನು ಮೇಷ್ಟ್ರಲ್ಲ, ನದಿಯ ನೀರಿನ ಮಟ್ಟ ಅಳೆಯುತ್ತಿದ್ದವನು ಎಂದು ಎಷ್ಟು ಸಲ ಹೇಳಿದರೂ, ಕಾಲೇಜು ಓದಿದ್ದಕ್ಕೆ ಅವನ ಬಾಯಲ್ಲಿ ಮೇಷ್ಟ್ರೇ. ನೀನು ಒಪ್ಪಿದರೆ ಬ್ರಷ್ಷಿನಲ್ಲಿ ಬರೆದು ಕಳಿಸುತ್ತೇನೆ. ನಿನ್ನ ಹೆಸರಿಲ್ಲದ ಕಲ್ಲು ಅವಳಿಗೆ ಬೇಡ.

ಬೆಳ್ಳುಳ್ಳಿ ಸೊಪ್ಪು ಚಿಗುರಿದೆ ಎಂದು ತಿಳಿಸುವ,
ಅಪ್ಪ


ನಾನ್‌ಜಿಂಗ್, ನವೆಂಬರ್ ೨೪

ಅಪ್ಪಾ,

ನಿಮ್ಮ ಪತ್ರ ತಲುಪಿತು. ಕಲ್ಲಿಗೆ ನನ್ನ ಒಪ್ಪಿಗೆ ಇದೆ. ಆ ನಾಲ್ಕು ಅಕ್ಷರಕ್ಕೆ ಇಲ್ಲ.

ನಾನು ಮಾಡುವ ಕೆಲಸ ನಿಘಂಟಿನ ಕರಡು ತಿದ್ದುವುದು. ಈ ನುಡಿಗಟ್ಟಿನ ನಮೂದು ಎಷ್ಟು ಸಲ ನನ್ನ ಮೇಜಿನ ಮೇಲೆ ಬಂದು ಹೋಗಿದೆಯೋ. ಬಾವ್, ಕಟ್ಟಿಕೊಳ್ಳುವುದು. ಲ್ವೊ, ಬಲೆ. ವಾನ್, ಹತ್ತು ಸಾವಿರ. ಶ್ಯಾಂಗ್, ಲೋಕದಲ್ಲಿ ಕಣ್ಣಿಗೆ ಬೀಳುವ ರೂಪಗಳು. ಒಟ್ಟು ಅರ್ಥ: ಒಳಗಿರುವುದು ಅಪಾರ, ಏನೂ ಬಿಟ್ಟುಹೋಗಿಲ್ಲ. ಬಳಕೆ: ವಿಶ್ವಕೋಶ, ಸಂತೆ, ವಸ್ತುಪ್ರದರ್ಶನ, ಪಂಚಾಂಗ. ಮನುಷ್ಯರಿಗೆ ಬಳಸುವುದಿಲ್ಲ. ಶಾಲೆಯ ಹುಡುಗ ‘ನನ್ನ ಅಜ್ಜಿ ಬಾವ್ ಲ್ವೊ ವಾನ್ ಶ್ಯಾಂಗ್’ ಎಂದು ಬರೆದರೆ ಅದರ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಅಮ್ಮ ಪಂಚಾಂಗವಲ್ಲ.

ಹಾಕಲೇಬೇಕೆಂದರೆ ನೂರು ನದಿಗಳನ್ನು ಒಳಗೆ ಬಿಟ್ಟುಕೊಳ್ಳುವ ಸಮುದ್ರದ ನಾಲ್ಕಕ್ಷರ ಇದೆ. ಅದನ್ನು ದೊಡ್ಡ ಮನಸ್ಸಿನವರಿಗೆ ಹೇಳಬಹುದು. ಹೋಗಿಬಂದವರೆಲ್ಲ ತಪ್ಪು ಎಂದು ಬೆರಳು ತೋರಿಸುವ ಕಲ್ಲಿನ ಮೇಲೆ ನನ್ನ ಹೆಸರು ಬೇಡ.

ಅಂಗಿಯ ತೋಳನ್ನು ದರ್ಜಿ ಹತ್ತಿರ ಗಿಡ್ಡ ಮಾಡಿಸಿ, ಮಡಚಬೇಡಿ.

ಶುಯುನ್


ಫುಕೌ, ಡಿಸೆಂಬರ್ ೯

ಯುನ್,

ನಿನ್ನ ಪತ್ರ ನಿಘಂಟಿನ ಪುಟದಂತೆಯೇ ಇದೆ, ಅಂಚು ಕೂಡ ನೇರ. ತಪ್ಪು ಹುಡುಕಲು ಎರಡು ಸಲ ಓದಿದೆ, ಸಿಗಲಿಲ್ಲ.

ಸಮುದ್ರ ಬೇಡ. ಒಂದೇ ಒಂದು ನದಿಯನ್ನು ಅಳೆಯುತ್ತ ಕೆಲಸದಿಂದ ನಿವೃತ್ತನಾದವನಿಗೆ ನೂರು ನದಿ ಎಂದರೆ ಸೊಂಟ ನೋಯುತ್ತದೆ. ಅಲ್ಲದೆ ಆ ಸಮುದ್ರ ಪ್ರತಿಯೊಂದು ಬ್ಯಾಂಕಿನ ಕ್ಯಾಲೆಂಡರಿನಲ್ಲೂ ಇರುತ್ತದೆ. ನಿಮ್ಮಮ್ಮ ಸಮುದ್ರ ನೋಡಿದವಳಲ್ಲ. ಅವಳು ನೋಡಿದ್ದು ಅಂಗಡಿ.

ಆ ಅಂಗಡಿಯನ್ನು ಖಾಲಿ ಮಾಡಿ ಬಾಗಿಲು ಹಾಕಬೇಕೆಂದು ಸೆಪ್ಟೆಂಬರ್‌ನಿಂದ ಕೂತಿದ್ದೇನೆ. ಆಗುತ್ತಿಲ್ಲ. ಒಂದು ಗೂಡು ಖಾಲಿ ಮಾಡುವಷ್ಟರಲ್ಲಿ ಯಾರಾದರೂ ಬಂದು ಏನಾದರೂ ಕೇಳುತ್ತಾರೆ. ಕೊಡೆಯ ಕಡ್ಡಿ. ಎತ್ತಿನ ಮೂಗುದಾರದ ಬಳೆ. ಎಂದೋ ಮುಚ್ಚಿಹೋದ ಕಾರ್ಖಾನೆಯ ಅಂಗಿಯ ಗುಂಡಿ. ಇಲ್ಲ ಎನ್ನಲು ಬಾಯಿ ತೆರೆಯುತ್ತೇನೆ, ಕೈ ಅಷ್ಟರಲ್ಲಿ ಗೂಡಿನೊಳಗೆ ಹೋಗಿರುತ್ತದೆ, ಇರುತ್ತದೆ. ಅವಳು ಯಾರಿಗೂ ಇಲ್ಲ ಎಂದದ್ದು ನನಗೆ ನೆನಪಿಲ್ಲ. “ಇದೆ, ತಡಿ” ಎನ್ನುತ್ತ ಒಳಗೆ ಹೋಗುತ್ತಿದ್ದಳು. ಎದುರುಮನೆಯಲ್ಲಿ ಬೂಸ್ಟು ಹಿಡಿಸಿದ ಸೋಯಾ ಗಿಣ್ಣು ಮಾರುವ ಫಾಂಗ್ ಅತ್ತೆ ಒಮ್ಮೆ ಚೇಷ್ಟೆಗೆಂದು ಬಂದು, “ಲಾನ್‌ಚಿ, ಒಂದು ಗಂಡ ಇದ್ರೆ ಕೊಡೇ, ನಂದು ಹಳೇದಾಯ್ತು” ಎಂದಿದ್ದಳು. ಇವಳು ನನ್ನ ಕಡೆ ತೋರಿಸಿ, “ಇದೆ, ಆದ್ರೆ ಇದೂ ಹಳೇ ಸರಕೇ” ಎಂದಳು.

ಇಂಗ್ಲಿಷಿನಲ್ಲಿ ಇದಕ್ಕೊಂದು ಮಾತಿತ್ತು. ಎವೆರಿಥಿಂಗ್ ಅಂಡರ್ ದಿ ಸನ್ ಅಂತಲೋ ಅಂಡರ್ ದಿ ಮೂನ್ ಅಂತಲೋ. ಕಾಲೇಜಿನಲ್ಲಿ ಪರೀಕ್ಷೆಗೆ ಬಂದಿತ್ತು, ಆಗಲೂ ಸೂರ್ಯನೋ ಚಂದ್ರನೋ ತಿಳಿಯದೆ ಎರಡನ್ನೂ ಬರೆದು ಅಂಕ ಕಳೆದುಕೊಂಡೆ.

ಈ ನಾಲ್ಕಕ್ಷರವನ್ನು ನಾನು ಹುಡುಕಿದ್ದಲ್ಲ. ನೀನು ತಂದದ್ದು. ನಿನಗೆ ಏಳು ವರ್ಷ, ಶಾಲೆಯಲ್ಲಿ ನಮ್ಮ ಅಂಗಡಿಯನ್ನೇ ಉದಾಹರಣೆ ಕೊಟ್ಟು ಆ ನುಡಿಗಟ್ಟು ಕಲಿಸಿದ್ದರು. ಶ್ಯಾಂಗ್ ಎಂದರೆ ರೂಪ, ಆನೆಗೂ ಅದೇ ಅಕ್ಷರ. ನಿನಗೆ ಗೊತ್ತಿದ್ದದ್ದು ಆನೆ ಮಾತ್ರ. ಓಡಿಬಂದು, “ಅಮ್ಮಾ, ನಮ್ಮ ಅಂಗಡೀಲಿ ಹತ್ತು ಸಾವಿರ ಆನೆ ಇದೆಯಂತೆ, ಎಲ್ಲಿ?” ಎಂದೆ. ನಾನು ಅರ್ಥ ಬಿಡಿಸಿ ಹೇಳಲು ಕನ್ನಡಕ ಹುಡುಕುತ್ತಿದ್ದೆ. ಅವಳು ಅಷ್ಟರಲ್ಲಿ, “ಇದೆ, ಹಿಂದಿನ ಕೋಣೇಲಿ ಮಲಗಿವೆ, ಸದ್ದು ಮಾಡಬೇಡ” ಎಂದಳು. ಆ ಚಳಿಗಾಲವೆಲ್ಲ ಪಿಂಗಾಣಿ ಬಟ್ಟಲಿನ ಪೆಟ್ಟಿಗೆಗಳಲ್ಲಿ ಬಂದ ಭತ್ತದ ಹುಲ್ಲನ್ನು ತೆಕ್ಕೆತೆಕ್ಕೆ ಒಳಗೆ ಒಯ್ದಳು. ಆನೆಗೆ ಎಂದಳು. ನೀನು ತುದಿಗಾಲಿನಲ್ಲಿ ನಡೆದೆ.

ಇದೂ ತಪ್ಪು ಬಳಕೆಯೇ?

ಸ್ನಾನದ ನೀರು ಕಾಯುತ್ತಿದೆ, ನಿಲ್ಲಿಸುತ್ತೇನೆ.
ಅಪ್ಪ


ನಾನ್‌ಜಿಂಗ್, ಡಿಸೆಂಬರ್ ೩೦

ಅಪ್ಪಾ,

ಆನೆ ನೆನಪಿದೆ. ಮರೆಯುವಂಥದ್ದಲ್ಲ. ಅಕ್ಷರದ ಅರ್ಥ ಬೇರೆ ಎಂದು ತಿಳಿಯುವ ಹೊತ್ತಿಗೆ ನನಗೆ ಒಂಬತ್ತು ದಾಟಿತ್ತು. ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಆನೆಗಳಿಗೆ ಚಳಿಯಾಗುತ್ತದಲ್ಲ ಎಂದು ಮಾತ್ರ ಅಳು ಬಂದಿತ್ತು.

ಆದರೂ ನನ್ನ ಉತ್ತರ ಅದೇ. ಕಾರಣ ಬರೀ ನಿಘಂಟಲ್ಲ, ಹೇಳಿಯೇ ಬಿಡುತ್ತೇನೆ. ನಾನು ಹುಟ್ಟಿದಾಗಿನಿಂದ ನೀವು ಅಮ್ಮನನ್ನು ‘ಏಯ್’ ಎಂದು ಕರೆದದ್ದೇ ಕೇಳಿದ್ದೇನೆ. ಏಯ್, ಚಹಾ. ಏಯ್, ಕನ್ನಡಕ. ಬದುಕಿದ್ದಾಗ ಒಂದು ಅಕ್ಷರದಲ್ಲಿ ಮುಗಿಸಿದಿರಿ, ಈಗ ಕಲ್ಲಿಗೆ ನಾಲ್ಕು ಅಕ್ಷರವೇ? ಅವಳು ಓದಲಾರಳು. ಓದುವುದು ಊರಿನವರು. ಊರಿಗೆ ತೋರಿಸಲು ದೊಡ್ಡ ಮಾತು, ಅದೂ ತಪ್ಪಾದ ಮಾತು.

ಫೆಬ್ರುವರಿಯಲ್ಲಿ ನಮ್ಮ ಹೊಸ ವರ್ಷದ ಹಬ್ಬಕ್ಕೆ ಬರುತ್ತೇನೆ, ರೈಲಿನ ಟಿಕೆಟು ತೆಗೆದಿದ್ದೇನೆ. ಎದುರುಬದುರು ಕೂತು ಮಾತಾಡೋಣ.

ಶುಯುನ್


ಫುಕೌ, ಫೆಬ್ರುವರಿ ೧೦, ೨೦೦೮

ಯುನ್,

ಅಂಚೆಯ ವ್ಯಾನು ಇವತ್ತು ಘಟ್ಟ ಹತ್ತಿತಂತೆ, ಅದಕ್ಕೇ ಬರೆಯುತ್ತಿದ್ದೇನೆ. ಹಿಮದಲ್ಲಿ ಹಳಿ ಹೂತು ನೀನು ನಿಲ್ದಾಣದಿಂದಲೇ ವಾಪಸು ಹೋದೆ ಎಂದು ಫಾಂಗ್ ಅತ್ತೆಯ ಮಗನ ಮೊಬೈಲಿನಿಂದ ತಿಳಿಯಿತು. ಆ ಮೇಲೆ ಅದರ ಬ್ಯಾಟರಿಯೂ ಸತ್ತಿತು. ಹಬ್ಬಕ್ಕೆ ನಿನ್ನ ತಟ್ಟೆ ಇಟ್ಟಿದ್ದೆ, ಅವಳದೂ ಇಟ್ಟಿದ್ದೆ. ಒಣಮಾಂಸ, ಬಿದಿರಿನ ಕಳಲೆ ಮಾಡಿದೆ, ಉಪ್ಪು ಹೆಚ್ಚಾಯಿತು.

ಈಗ ಹೇಳುವುದನ್ನು ನಿಧಾನವಾಗಿ ಓದು, ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಜನವರಿ ಕೊನೆಯಲ್ಲಿ ಮಂಜುಗಡ್ಡೆಯ ಭಾರಕ್ಕೆ ವಿದ್ಯುತ್ ಕಂಬಗಳು ಬಗ್ಗಿ ಬಿದ್ದವು. ಊರು ಕತ್ತಲಾಯಿತು. ಮಾರನೆಯ ದಿನವೇ ಅಂಗಡಿಯ ಮೇಣದಬತ್ತಿ ಮುಗಿಯಿತು. ಆ ಮೇಲೆ ಬಂದವರು ಲಾಟೀನು ಕೇಳಿದರು. ಈ ಕಾಲದಲ್ಲಿ ಲಾಟೀನು ಎಲ್ಲಿಂದ ತರಲಿ? ಆದರೂ ಅಭ್ಯಾಸಬಲದಿಂದ ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ, “ಏಯ್, ಲಾಟೀನು ಎಲ್ಲಿ?” ಎಂದು ಕೇಳಿಬಿಟ್ಟೆ. ಬಾಯಿಂದ ಬಂದ ಮೇಲೆ ತಿಳಿಯಿತು.

ನಾಚಿಕೆ ಮುಚ್ಚಿಕೊಳ್ಳಲು ಒಳಗೆ ಹೋದೆ. ಆ ಕೋಣೆಗೆ ನಾನು ಹೋದದ್ದು ಕಡಿಮೆ, ಅದು ಅವಳ ರಾಜ್ಯ. ಗೋಣಿಚೀಲಗಳ ಹಿಂದೆ ಹುಲ್ಲಿನ ರಾಶಿ, ಗೋಡೆಯಿಂದ ಗೋಡೆಗೆ, ನನ್ನ ಎದೆಯ ಎತ್ತರ. ಹಳೆಯ ಹುಲ್ಲು, ಮುಟ್ಟಿದರೆ ಪುಡಿ. ಅದನ್ನು ಸರಿಸಿದೆ. ಒಂದು ಗಾಜು ಹೊಳೆಯಿತು. ಪಕ್ಕದಲ್ಲಿ ಇನ್ನೊಂದು. ಯುನ್, ಒಳಗೆ ಲಾಟೀನುಗಳು ಮಲಗಿದ್ದವು. ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು, ಎಲ್ಲಕ್ಕೂ ಹುಲ್ಲಿನ ಹೊದಿಕೆ, ಒಂದರ ಗಾಜೂ ಒಡೆದಿರಲಿಲ್ಲ.

ಆಗ ನೆನಪಾಯಿತು. ನಿನಗೆ ಏಳಾದ ವರ್ಷವೇ ಊರಿಗೆ ವಿದ್ಯುತ್ ಬಂದದ್ದು. ಲಾಟೀನು ಯಾರಿಗೂ ಬೇಡವಾಗಿ ನದಿಗೆ ಎಸೆಯಲು ಹೊರಟಿದ್ದರು. ಇವಳು ಅಂಗಡಿಯ ಮುಂದೆ ನಿಂತು, ಲಾಟೀನು ಕೊಟ್ಟವರಿಗೆ ಒಂದೊಂದು ಸೋಪು ಕೊಟ್ಟಳು. ಸೋಪಿನ ದಂಡ ಎಂದು ನಾನು ನಕ್ಕಿದ್ದೆ. ಆ ಹುಲ್ಲು ಒಯ್ದದ್ದು ಇವುಗಳಿಗೆ.

ಇಷ್ಟೇ ಆಗಿದ್ದರೆ ಮುಂಜಾಗ್ರತೆ ಎನ್ನಬಹುದಿತ್ತು. ಒಂದನ್ನು ಎತ್ತಿ ತಳ ನೋಡಿದೆ. ಮೊದಲೆಲ್ಲ ಮದುವೆಮನೆಗೆ ಎರವಲು ಕೊಟ್ಟಾಗ ಅದಲುಬದಲಾಗದಿರಲೆಂದು ಬೆಂಚಿಗೂ ಲಾಟೀನಿಗೂ ಕೆಂಪು ಬಣ್ಣದಲ್ಲಿ ಮನೆಯವರ ಹೆಸರು ಬರೆಯುತ್ತಿದ್ದರಲ್ಲ, ಅವು ಹಾಗೇ ಇದ್ದವು. ಹೊರಗೆ ತಂದು ಹೆಸರು ಕೂಗಿದೆ. ಫಾಂಗ್ ಅತ್ತೆಯ ಕೈಗೆ ಬಂದದ್ದು ಅವಳ ಮಾವನ ಹೆಸರಿನ ಲಾಟೀನು. ಅವಳು ಬಾಯಿ ಜೋರಿನ ಹೆಂಗಸು, ನಿನಗೆ ಗೊತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇವ್ರು ಹೋಗಿ ಇಪ್ಪತ್ತು ವರ್ಷ ಆಯ್ತಲ್ಲೋ” ಎಂದು ಮೆಲ್ಲಗೆ ಹೇಳಿ, ಅದನ್ನು ಎದೆಗೊತ್ತಿಕೊಂಡು ಮನೆಗೆ ನಡೆದಳು. ಬಂದವರಿಗೆಲ್ಲ ಅವರವರ ಮನೆಯದೇ ಸಿಕ್ಕಿತು. ಬತ್ತಿ ಇತ್ತು. ಡಬ್ಬಗಳಲ್ಲಿ ಸೀಮೆಎಣ್ಣೆಯೂ ಇತ್ತು.

ಸಂಜೆ, ಇನ್ನೂ ಆಕಾಶದಲ್ಲಿ ಬೂದು ಬೆಳಕಿರುವಾಗ ಸೇತುವೆಗೆ ಹೋದೆ. ನದಿಯ ಎರಡೂ ದಡ ಬೆಳ್ಳಗೆ, ಕೋಳಿಯ ಸದ್ದೂ ಇಲ್ಲ. ಒಂದು ಕಿಟಕಿ ಹತ್ತಿತು. ಆ ಮೇಲೆ ಇನ್ನೊಂದು. ಗುಡ್ಡದ ಬುಡದ ತನಕ ಒಂದೊಂದಾಗಿ ಹತ್ತಿಕೊಂಡು ಹೋದವು. ಎಲ್ಲ ಅವಳು ಮಲಗಿಸಿದ್ದು. ನಲವತ್ತು ವರ್ಷ ಆ ಸೇತುವೆಯ ಮೇಲೆ ನಿಂತು ನೀರು ಅಳೆದಿದ್ದೇನೆ, ಆ ಹೊತ್ತು ಅಳೆಯುವುದಕ್ಕೆ ಏನೂ ತೋಚಲಿಲ್ಲ. ಟೋಪಿ ತೆಗೆದೆ. ತಲೆಯ ಮೇಲೆ ಹಿಮ ಬೀಳುತ್ತಿತ್ತು, ಹಾಗೇ ನಿಂತಿದ್ದೆ.

‘ಏಯ್’ ಬಗ್ಗೆ ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆದಿಲ್ಲ ಎಂದು ನನಗೆ ಗೊತ್ತು.

ಯು ಮೇಸ್ತ್ರಿಗೆ ನಾಲ್ಕಕ್ಷರ ಬ್ರಷ್ಷಿನಲ್ಲಿ ಬರೆದು ಇದೇ ವ್ಯಾನಿನಲ್ಲಿ ಕಳಿಸುತ್ತಿದ್ದೇನೆ. ನಿನ್ನ ಹೆಸರಿನ ಜಾಗ ಖಾಲಿ ಬಿಡಲು ಹೇಳಿದ್ದೇನೆ.

ಬೆರಳು ಸೆಟೆದಿವೆ.
ಅಪ್ಪ


ನಾನ್‌ಜಿಂಗ್, ಫೆಬ್ರುವರಿ ೨೬

ಅಪ್ಪಾ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಓದಿದೆ, ಓದಬಾರದಿತ್ತು. ಪಕ್ಕದ ಮೇಜಿನವರು ಬಿಸಿನೀರು ತಂದುಕೊಟ್ಟರು.

ನಿಘಂಟು ಬದಲಾಗಿಲ್ಲ. ಮನುಷ್ಯರಿಗೆ ಬಳಸುವುದಿಲ್ಲ ಎಂದೇ ಅದರಲ್ಲಿದೆ, ಹಾಗೆ ಬರೆದವರಲ್ಲಿ ನಾನೂ ಒಬ್ಬಳು. ಬೇಡ ಎಂದು ಈ ಸಲ ಹೇಳಲಾರೆ. ಹೂಂ ಎನ್ನಲೂ ಬಾಯಿ ಬರುತ್ತಿಲ್ಲ. ಒಂದು ಮಾಡುತ್ತೇನೆ. ಕರಡು ನೋಡದೆ ನಾನು ಯಾವುದಕ್ಕೂ ಸಹಿ ಹಾಕುವವಳಲ್ಲ. ಛಿಂಗ್‌ಮಿಂಗ್ ಹಬ್ಬಕ್ಕೆ ಬರುವಾಗ ಮೊದಲು ಯೀಗೆ ಹೋಗಿ ಕಲ್ಲು ನೋಡುತ್ತೇನೆ. ಹೆಸರಿನ ಮಾತು ಅಲ್ಲಿಯೇ ಆಗಲಿ.

ನಮ್ಮ ಮನೆಯ ಲಾಟೀನು ಇತ್ತೇ? ಅದನ್ನು ನೀವು ಬರೆಯಲಿಲ್ಲ.

ಯುನ್


ಯೀ ತಾಲೂಕು, ಯು ಮೇಸ್ತ್ರಿಯ ಕೊಟ್ಟಿಗೆ, ಏಪ್ರಿಲ್ ೨

ಅಪ್ಪಾ,

ಈ ಪತ್ರ ಕಲ್ಲಿನ ಜೊತೆ ಅದೇ ಗಾಡಿಯಲ್ಲಿ ಬರುತ್ತದೆ. ನಾನು ನಾಳೆಯ ಬಸ್ಸಿಗೆ. ಕಲ್ಲನ್ನು ನನಗಿಂತ ಮೊದಲು ನೀನು ನೋಡುತ್ತೀಯ, ಅದಕ್ಕೇ ಈಗಲೇ ಹೇಳಿಬಿಡಬೇಕು. ಗಾಬರಿಯಾಗಬೇಡ.

ಕಲ್ಲಿನಲ್ಲಿ ತಪ್ಪಿದೆ.

ನೀನು ಬರೆದ ಕಾಗದ ಹಿಮಕ್ಕೆ ಒದ್ದೆಯಾಗಿ ಕೊನೆಯ ಅಕ್ಷರ ಕದಡಿಹೋಗಿತ್ತಂತೆ. ಮೇಸ್ತ್ರಿ ನಿನ್ನನ್ನು ಕೇಳೋಣವೆಂದರೆ ಫೋನು ಸತ್ತಿತ್ತು. ಗೊತ್ತಿರುವ ನುಡಿಗಟ್ಟೇ ತಾನೆ ಎಂದು ಅವನೇ ಬರೆದುಕೊಂಡು ಕೆತ್ತಿದ. ಅರ್ಧ ದೇಶ ಬರೆಯುವಂತೆಯೇ ಬರೆದ. ಶ್ಯಾಂಗ್‌ನ ಎಡಗಡೆ ಎರಡು ಗೀಟು ಹೆಚ್ಚಿಗೆ ಹಾಕಿದ್ದಾನೆ. ಮನುಷ್ಯನನ್ನು ಸೂಚಿಸುವ ಆ ಎರಡು ಗೀಟು. ಉಚ್ಚಾರ ಅದೇ, ಅಕ್ಷರ ಬೇರೆ. ಇದು ಎಷ್ಟು ಸಾಮಾನ್ಯ ತಪ್ಪೆಂದರೆ, ಕೆಲಸಕ್ಕೆ ಸೇರಿದ ಮೊದಲ ವಾರ ನಮಗೆ ಹಿಡಿಯಲು ಕಲಿಸಿದ್ದೇ ಇದನ್ನು. ಅಲ್ಲಿಂದ ಇಲ್ಲಿಯ ತನಕ ಆ ಎರಡು ಗೀಟನ್ನು ಎಲ್ಲಿ ಕಂಡರೂ ಹೊಡೆದುಹಾಕಿದ್ದೇನೆ, ಚಹಾ ಕುಡಿಯುತ್ತಲೂ ಹೊಡೆದಿದ್ದೇನೆ.

ಕೊಟ್ಟಿಗೆಗೆ ಕಾಲಿಟ್ಟ ಕೂಡಲೆ ಕಣ್ಣು ಅಲ್ಲಿಗೇ ಹೋಯಿತು. ಮೇಸ್ತ್ರಿ ನನ್ನ ಮುಖ ನೋಡಿಯೇ ಉಳಿ ಕೆಳಗಿಟ್ಟ. “ತಪ್ಪಾಯ್ತಾ ತಾಯಿ? ಹೇಳಿಬಿಡು. ಮುಖ ಪೂರ್ತಿ ಉಜ್ಜಿ ಹೊಸದಾಗಿ ಕೆತ್ತಿಕೊಡ್ತೀನಿ. ಕಲ್ಲು ಸ್ವಲ್ಪ ತೆಳ್ಳಗಾಗುತ್ತೆ ಅಷ್ಟೇ” ಎಂದ. ಕುಡಿಯಲು ನೀರು ಕೊಡಿ ಎಂದೆ. ಅವನು ತಂದ ನೀರನ್ನು ಕುಡಿಯದೆ ಕಲ್ಲಿನ ಮೇಲೆ ಸುರಿದೆ. ಕಪ್ಪು ಕಲ್ಲು ಹೊಳೆಯಿತು, ನಾಲ್ಕೂ ಅಕ್ಷರ ಒಳಗಿಂದ ಎದ್ದು ಬಂದಂತೆ ಕಂಡವು. ಬಹಳ ಹೊತ್ತು ನೋಡಿದೆ, ಅಪ್ಪ.

ಮನುಷ್ಯರಿಗೆ ಬಳಸುವ ನುಡಿಗಟ್ಟಲ್ಲ ಇದು ಎಂದು ನಾನು ನಿನ್ನ ಜೊತೆ ಇಡೀ ಚಳಿಗಾಲ ಜಗಳವಾಡಿದೆ. ಈಗ ನೋಡು, ಅದರೊಳಗೆ ಒಬ್ಬ ಮನುಷ್ಯ ಬಂದು ನಿಂತಿದ್ದಾನೆ. ಆನೆಯ ಪಕ್ಕದಲ್ಲೇ. ಸಣ್ಣ ಮನುಷ್ಯ, ಎರಡೇ ಗೀಟು, ಸ್ವಲ್ಪ ಬಾಗಿದೆ, ತೆಕ್ಕೆಯಲ್ಲಿ ಏನೋ ಹೊತ್ತುಕೊಂಡು ಒಳಗೆ ಹೋಗುವವರ ಹಾಗೆ.

ಅದು ಯಾರು ಎಂದು ನಿನಗೆ ಹೇಳಬೇಕೇ?

“ಉಜ್ಜಬೇಡಿ ಮೇಸ್ತ್ರಿ, ಹಾಗೇ ಇರ್ಲಿ. ಅದರ ಕೆಳಗೆ ನನ್ನ ಹೆಸರು ಹಾಕಿ” ಎಂದೆ. ಅವನಿಗೆ ಅನುಮಾನ. “ನೀನು ನಿಘಂಟಿನವಳಂತೆ, ಮೇಷ್ಟ್ರು ಹೇಳಿದ್ರು. ಸರಿಯಾಗಿದೆಯಾ ಹಾಗಾದ್ರೆ?” ಎಂದು ಕೇಳಿದ. ತಪ್ಪೇ, ಆದರೆ ತಿದ್ದುವಂಥದ್ದಲ್ಲ ಎಂದೆ. ಅವನು ಅರ್ಥವಾದವನಂತೆ ತಲೆಯಾಡಿಸಿ ನನ್ನ ಹೆಸರು ಕೆತ್ತಲು ಕುಳಿತ. ಆ ಸದ್ದು ಕೇಳುತ್ತಲೇ ಇದನ್ನು ಬರೆಯುತ್ತಿದ್ದೇನೆ.

ಯಾರಾದರೂ ಬೆರಳು ತೋರಿಸಿದರೆ, ಕರಡು ನೋಡಿದ್ದು ನನ್ನ ಮಗಳು ಎನ್ನು.

ಹಸಿರು ಅಕ್ಕಿಯುಂಡೆ ಮಾಡಿಡು, ಒಳಗೆ ಕಳಲೆ ಹಾಕು. ಉಪ್ಪು ನಾನು ಬಂದು ನೋಡುತ್ತೇನೆ.

ನಿನ್ನ
ಯುನ್


ಫುಕೌ, ಏಪ್ರಿಲ್ ೧೩

ಯುನ್,

ನಿನ್ನನ್ನು ಬಸ್ಸು ಹತ್ತಿಸಿ ಬಂದು ವಾರವಾಯಿತು. ಅಷ್ಟರಲ್ಲಿ ಗುಡ್ಡಕ್ಕೆ ಎರಡು ಸಲ ಹೋಗಿಬಂದೆ, ಮಂಡಿ ಏನೂ ಅನ್ನಲಿಲ್ಲ.

ನೀನು ಹೇಳಿದಂತೆಯೇ ಆಯಿತು. ಶಾಲೆಯ ಹಳೆಯ ಹೆಡ್ಮಾಸ್ತರರು ಅವರ ಅಣ್ಣನ ಗೋರಿಗೆ ಬಂದಿದ್ದವರು ನಮ್ಮ ಕಲ್ಲಿನ ಮುಂದೆ ನಿಂತುಬಿಟ್ಟರು. ಕೋಲು ಎತ್ತಿ ಆ ಅಕ್ಷರಕ್ಕೆ ತೋರಿಸಿದರು. ಕರಡು ನೋಡಿದ್ದು ನನ್ನ ಮಗಳು ಎಂದೆ. ನಿನಗೆ ಬಳಪ ಹಿಡಿಸಿದ ಮನುಷ್ಯ ಅವರು. ಕೋಲು ಇಳಿಸಿದರು. ಇನ್ನೊಮ್ಮೆ ಓದಿದರು, ತುಟಿಯಲ್ಲೇ. ಕೊನೆಗೆ, “ನಮ್ಮ ಮನೆ ಲಾಟೀನೂ ಅವಳ ಹತ್ರಾನೇ ಇತ್ತು ನೋಡಿ” ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ನಮ್ಮ ಮನೆಯ ಲಾಟೀನಿನ ಬಗ್ಗೆ ಕೇಳಿದ್ದೆಯಲ್ಲ. ನೀನು ಇಲ್ಲಿದ್ದಾಗ ಹೇಳಲು ಆಗಲಿಲ್ಲ. ಇತ್ತು. ಎಲ್ಲಕ್ಕಿಂತ ಒಳಗೆ, ಗೋಡೆಗೆ ಒತ್ತಿಕೊಂಡು ಮಲಗಿತ್ತು. ತಳದಲ್ಲಿ ನನ್ನ ಹೆಸರೂ ಇಲ್ಲ, ಮನೆತನದ ಹೆಸರೂ ಇಲ್ಲ. ಮದುವೆಯಾದ ವರ್ಷ ಬಣ್ಣ ತಂದು ನಾನೇ ಬರೆದಿದ್ದೆ, ಮರೆತೇಹೋಗಿತ್ತು. ‘ಲಾನ್‌ಚಿ’ ಎಂದಷ್ಟೇ ಇದೆ.

ಅದನ್ನು ಈಗ ಮೇಜಿನ ಮೇಲಿಟ್ಟಿದ್ದೇನೆ. ಸಂಜೆ ಹಚ್ಚುವಾಗ ಆ ಹೆಸರಿನಲ್ಲೇ ಕರೆಯುತ್ತೇನೆ. ಫಾಂಗ್ ಅತ್ತೆ ಎದುರುಮನೆಯಿಂದ ಕೇಳಿಸಿಕೊಂಡು ಕೆಮ್ಮುತ್ತಾಳೆ, ಕೆಮ್ಮಲಿ.

ಊರಿಗೆ ವಿದ್ಯುತ್ ಮರಳಿ ತಿಂಗಳಾಯಿತು, ಇನ್ನು ಹೋಗುವುದಿಲ್ಲ ಎಂದು ಜನಕ್ಕೆ ಈಗ ನಂಬಿಕೆ ಬಂದಿದೆ. ಆದ್ದರಿಂದ ಒಂದು ವಿಚಿತ್ರವಾಯಿತು. ನಿನ್ನೆಯಿಂದ ಜನ ಲಾಟೀನು ವಾಪಸು ತಂದುಕೊಡುತ್ತಿದ್ದಾರೆ. ಗಾಜು ಒರೆಸಿ, ಬತ್ತಿ ಕತ್ತರಿಸಿ, ಹೆಂಗಸರು ಅಂಗಿಯ ಅಂಚಿನಲ್ಲಿ ಮುಚ್ಚಿಕೊಂಡು ತರುತ್ತಿದ್ದಾರೆ. ನಿಮ್ಮದೇ ತಾನೆ, ಮನೆಯಲ್ಲಿಟ್ಟುಕೊಳ್ಳಿ ಎಂದೆ. “ಇಲ್ಲೇ ಇರ್ಲಿ, ಇಲ್ಲಿದ್ರೆ ಇರುತ್ತೆ” ಎನ್ನುತ್ತಾರೆ. ಸೋಪು ಕೊಡಲು ಹೋದರೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅಂಗಡಿ ಖಾಲಿ ಮಾಡುವ ಮಾತು ಬಿಟ್ಟಿದ್ದೇನೆ.

ಹಳೆಯ ಹುಲ್ಲು ಪುಡಿಯಾಗಿತ್ತು. ಯು ಮೇಸ್ತ್ರಿಯ ಗಾಡಿಯಲ್ಲಿ ಕಲ್ಲಿನ ಸುತ್ತ ಮೆತ್ತಿಕೊಂಡು ಬಂದ ಹೊಸ ಹುಲ್ಲನ್ನು ನೀನು ಅಂಗಳದ ಮೂಲೆಯಲ್ಲಿ ಒಟ್ಟಿ ಹೋಗಿದ್ದೆಯಲ್ಲ. ಇವತ್ತು ಮಧ್ಯಾಹ್ನ ಅದನ್ನು ತೆಕ್ಕೆತೆಕ್ಕೆ ಒಳಗೆ ಒಯ್ದೆ. ಒಂದೊಂದನ್ನೂ ಮಲಗಿಸಿ ಹೊದಿಸಿದೆ. ಕೆಲಸ ಮುಗಿದು ಸೊಂಟ ನೆಟ್ಟಗೆ ಮಾಡಿ ನಿಂತಾಗ ಕೋಣೆ ತುಂಬ ಬೆಚ್ಚಗಿತ್ತು, ಏನೋ ಉಸಿರಾಡುತ್ತಿದ್ದ ಹಾಗೆ.

ತುದಿಗಾಲಿನಲ್ಲಿ ಹೊರಗೆ ಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೆ.

ಅಪ್ಪ